ಹರಿದದ್ದು ಬೂಟು, ಬದಲಿಸಬೇಕಾದದ್ದು ಶಾಫ್ಟೇ?

ಕಳೆದ ಮಳೆಗಾಲದ ಕೊನೆಯಲ್ಲಿ ನನ್ನ ಹದಿಮೂರು ವರ್ಷದ ಸಣ್ಣ ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಫೋನು ಬಂತು. ‘ಸಾರ್, ಎಡಗಡೆ ಆಕ್ಸೆಲ್ ಬೂಟ್ ಹರಿದಿದೆ. ಡ್ರೈವ್ ಶಾಫ್ಟ್ ಅಸೆಂಬ್ಲಿ ಹಾಕಬೇಕಾಗುತ್ತೆ. ಲೇಬರ್ ಸೇರಿ 9,400 ಆಗುತ್ತೆ. ಮಾಡಿಬಿಡ್ಲಾ?’ ಹರಿದಿರುವುದು ಬೂಟಾದರೆ ಬೂಟನ್ನೇ ಬದಲಿಸಿದರೆ ಸಾಲದೇ ಎಂದು ಕೇಳಿದೆ. ಆ ಕಡೆಯ ಯುವಕ ಕ್ಷಣಕಾಲ ಸುಮ್ಮನಾದ. ಬಳಿಕ, ‘ಬೂಟ್ ಸಪರೇಟ್ ಬರಲ್ಲ ಸಾರ್. ಸಿಸ್ಟಂನಲ್ಲಿ ಅಸೆಂಬ್ಲಿ ಮಾತ್ರ ತೋರಿಸ್ತಿದೆ’ ಎಂದ. ಚಪ್ಪಲಿಯ ಉಂಗುಟ ಕಿತ್ತುಹೋದರೆ ಹೊಸ ಜೊತೆಯನ್ನೇ ಕೊಳ್ಳಿ ಎಂದು ರಸ್ತೆ ಬದಿಯ ರಿಪೇರಿಯವರು ಎಂದೂ ಹೇಳಿದ್ದಿಲ್ಲ. ನಾನು ‘ಏನೂ ಮಾಡಬೇಡಿ, ಗಾಡಿ ಹಾಗೆಯೇ ಕೊಡಿ’ ಎಂದು ಹೇಳಿ ಸಂಜೆ ಕಾರನ್ನು ಮನೆಗೆ ತಂದೆ.

ಈ ಬೂಟು ಎಂಬುದು ಏನೆಂದು ಬಹುಪಾಲು ಕಾರು ಮಾಲೀಕರು ನೋಡಿಯೇ ಇರುವುದಿಲ್ಲ. ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ ಅದರ ಹಿಂದಕ್ಕೆ ಬಗ್ಗಿ ನೋಡಿದರೆ, ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರಿನ ಕೊಳವೆಯೊಂದು ಕಾಣುತ್ತದೆ. ಅದೇ ಬೂಟು. ಅದರೊಳಗೆ ಒಂದು ಕೀಲು ಇದೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪಬೇಕು. ಆ ಚಕ್ರ ಎಡಬಲಕ್ಕೆ ತಿರುಗುತ್ತಿರಬೇಕು. ಹಳ್ಳ ದಿಣ್ಣೆಗಳಲ್ಲಿ ಮೇಲಕ್ಕೂ ಕೆಳಕ್ಕೂ ಆಡುತ್ತಿರಬೇಕು. ಇಷ್ಟಾದರೂ ಸುತ್ತುವ ವೇಗದಲ್ಲಿ ಏರುಪೇರಾಗಕೂಡದು. ಈ ಕಠಿಣ ಕೆಲಸವನ್ನು ಆರು ಉಕ್ಕಿನ ಗುಂಡುಗಳು ಮತ್ತು ಅವುಗಳನ್ನು ಹಿಡಿದಿಡುವ ಒಂದು ಪಂಜರ ಮಾಡುತ್ತವೆ. ಅಮೆರಿಕದ ಎಂಜಿನಿಯರ್ ಆಲ್ಫ್ರೆಡ್ ಜೆಪ್ಪಾ 1920ರ ದಶಕದಲ್ಲಿ ಇದನ್ನು ರೂಪಿಸಿದರು. 1959ರಲ್ಲಿ ಬ್ರಿಟನ್ನಿನ ಪುಟ್ಟ ಮಿನಿ ಕಾರಿನ ಮುಂದಿನ ಚಕ್ರಗಳಿಗೆ ಅದು ಬಂದ ಮೇಲೆ ಸಣ್ಣ ಕಾರುಗಳ ಲೋಕವೇ ಬದಲಾಯಿತು.

ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರದ ಬಳಿ ಇಂಥ ಬೂಟಿನ ಪ್ರಶ್ನೆಯೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಮುಂಗಾಲಿ ಚಾಲನೆಯೂ ಅದರ ಜೊತೆಗೇ ಮಧ್ಯಮ ವರ್ಗದ ಮನೆಗೆ ಬಂತು. ಇಂದು ನಮ್ಮ ನಿಮ್ಮ ಮನೆಗಳ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಇಂಥ ಬೂಟುಗಳು ತಲಾ ನಾಲ್ಕು: ಎಡಕ್ಕೆರಡು, ಬಲಕ್ಕೆರಡು. ಎಂಜಿನ್ನನ್ನೇ ತೊರೆದ ವಿದ್ಯುತ್ ಕಾರು ಕೂಡ ಈ ಬೂಟಿನಿಂದ ಪಾರಾಗಿಲ್ಲ. ಅಲ್ಲಿಯೂ ಮೋಟಾರಿನಿಂದ ಚಕ್ರಕ್ಕೆ ಶಾಫ್ಟು ಹೋಗಲೇಬೇಕು.

ಬೂಟಿನ ಕೆಲಸ ಎರಡೇ. ಒಳಗಿನ ಕಪ್ಪು ಗ್ರೀಸನ್ನು ಹೊರಗೆ ಬಿಡದಿರುವುದು, ಹೊರಗಿನ ಧೂಳು, ನೀರನ್ನು ಒಳಗೆ ಬಿಡದಿರುವುದು. ರಬ್ಬರು ವಯಸ್ಸಾಗಿ ಬಿರುಕು ಬಿಟ್ಟರೆ ಚಕ್ರ ಸುತ್ತುವ ರಭಸಕ್ಕೆ ಗ್ರೀಸು ಚಿಮ್ಮಿ ರಿಮ್ಮಿನ ಒಳಮೈಗೆ ಮೆತ್ತಿಕೊಳ್ಳುತ್ತದೆ. ಆ ಹಂತದಲ್ಲಿ ಕಂಡುಹಿಡಿದರೆ ಖರ್ಚು ರಬ್ಬರಿನದು ಮತ್ತು ಒಂದು ಪೊಟ್ಟಣ ಗ್ರೀಸಿನದು ಮಾತ್ರ. ನಿರ್ಲಕ್ಷಿಸಿದರೆ ಮರಳು ಒಳಸೇರಿ ಗುಂಡುಗಳನ್ನೂ ಅವು ಓಡಾಡುವ ಗಾಡಿಗಳನ್ನೂ ಅರೆಯುತ್ತದೆ. ಪೂರ್ತಿ ತಿರುವಿನಲ್ಲಿ ‘ಕಟಕಟ’ ಎಂಬ ಸದ್ದು ಬಂದರೆ ಕೀಲಿನ ಕಥೆ ಬಹುಮಟ್ಟಿಗೆ ಮುಗಿದಂತೆಯೇ. ಅಂಥ ಕಾರಿಗೆ ಹೊಸ ಬೂಟು ತೊಡಿಸುವುದು ವ್ಯರ್ಥ; ಕೀಲನ್ನೋ ಶಾಫ್ಟನ್ನೋ ಬದಲಿಸಲೇಬೇಕು. ನನ್ನ ಕಾರು ಸದ್ದು ಮಾಡುತ್ತಿರಲಿಲ್ಲ. ರಿಮ್ಮಿನ ಒಳಗೆ ಗ್ರೀಸಿನ ಹನಿಗಳು ಇನ್ನೂ ಹಸಿಯಾಗಿದ್ದವು.

ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲಿ ಎಟಿವಿ ಇಟ್ಟುಕೊಂಡಿರುವ ಸ್ನೇಹಿತರೊಬ್ಬರಿಗೆ ಈ ಸಂಗತಿ ತಿಳಿಸಿದೆ. ಅವರು ನಕ್ಕರು. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ, ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ಅವರ ಗಾಡಿಗೆ ಎಂಟು ಬೂಟುಗಳು. ಕಡಿದು ಬಿಟ್ಟ ರೆಂಬೆಯ ಮೊನೆಯೋ ಮುಳ್ಳೋ ಚುಚ್ಚಿ ಯಾವುದಾದರೊಂದು ಹರಿಯುವುದು ಅಲ್ಲಿ ನೆಗಡಿಯಷ್ಟೇ ಸಾಮಾನ್ಯ. ‘ಬೆಂಗಳೂರಿಗೆ ಲಾರಿಯಲ್ಲಿ ಹೇರಿ ಕಳಿಸುವ ಬಾಡಿಗೆಯಲ್ಲಿ ಒಂದು ಡಜನ್ ಬೂಟು ಬರ್ತದೆ ಮಾರಾಯ್ರೇ. ನಾವು ಮನೆ ಅಂಗಳದಲ್ಲೇ ಬದಲಿಸ್ತೇವೆ. ನೀವೂ ಮಾಡಿ, ಅದೇನು ಬ್ರಹ್ಮವಿದ್ಯೆಯಾ?’ ಎಂದರು.

ಮರುದಿನವೇ ಜೆ.ಸಿ. ರಸ್ತೆಗೆ ಹೋದೆ. ಸಿಸ್ಟಂನಲ್ಲಿ ‘ಬರುವುದಿಲ್ಲ’ವಾಗಿದ್ದ ಬೂಟು ಮೂರನೆಯ ಅಂಗಡಿಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೂಗಾಡುತ್ತಿತ್ತು. ಬೂಟು, ಎರಡು ಪಟ್ಟಿ, ಒಂದು ಸರ್ಕ್ಲಿಪ್, ಒಂದು ಪೊಟ್ಟಣ ಗ್ರೀಸು. ಎಲ್ಲ ಸೇರಿ 380 ರೂಪಾಯಿ.

ನಮ್ಮ ಬೀದಿಯ ತಿರುವಿನಲ್ಲಿ ಇಪ್ಪತ್ತು ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ಹಿರಿಯರೊಬ್ಬರಿದ್ದಾರೆ. ಹುಡುಗರು ಕರೆಯುವಂತೆ ನಾವೂ ಅವರನ್ನು ಉಸ್ತಾದರೆಂದೇ ಕರೆಯುತ್ತೇವೆ. ಭಾನುವಾರ ಬನ್ನಿ ಎಂದು ಕೇಳಿಕೊಂಡಾಗ, ‘ಬರ್ತೀನಿ ಸಾರ್, ಆದ್ರೆ ಕೈ ಹಾಕಲ್ಲ, ಬಾಯಿ ಮಾತ್ರ ಹಾಕ್ತೀನಿ’ ಎಂದು ಷರತ್ತು ಒಡ್ಡಿದರು. ಬಂದವರು ಮೊದಲು ಮಾಡಿದ್ದು, ನಾನು ಜೋಡಿಸಿಟ್ಟುಕೊಂಡಿದ್ದ ಇಟ್ಟಿಗೆಗಳನ್ನು ಕಾಲಿನಿಂದ ಆಚೆ ತಳ್ಳಿದ್ದು. ಜಾಕಿಯ ಮೇಲಾಗಲಿ ಇಟ್ಟಿಗೆಯ ಮೇಲಾಗಲಿ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದೆಂಬುದು ಅವರ ಮೊದಲ ಪಾಠ. ತಮ್ಮ ಕಬ್ಬಿಣದ ಸ್ಟ್ಯಾಂಡುಗಳನ್ನು ತರಿಸಿಕೊಟ್ಟರು. ಹಿಂದಿನ ಚಕ್ರಗಳಿಗೆ ಕಲ್ಲು ಒತ್ತರಿಸಿ, ಗಾಡಿ ಇನ್ನೂ ನೆಲದ ಮೇಲಿರುವಾಗಲೇ ಚಕ್ರದ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಹದಿಮೂರು ವರ್ಷದ ತುಕ್ಕು ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಿ ಮೈಭಾರವನ್ನೆಲ್ಲ ಬಿಟ್ಟಾಗ ಗುಂಡು ಹಾರಿದಂಥ ಸದ್ದಿನೊಂದಿಗೆ ಅದು ಸಡಿಲವಾಯಿತು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಆಮೇಲೆ ಚಕ್ರ ಕಳಚಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಚಕ್ರದ ಗುಂಭವನ್ನು ಪಕ್ಕಕ್ಕೆ ಸರಿಸಿ ಶಾಫ್ಟಿನ ತುದಿಯನ್ನು ಹೊರಗೆಳೆದೆವು. ಹಳೆಯ ಬೂಟನ್ನು ಕತ್ತರಿಸಿ ತೆಗೆದಾಗ ಕೀಲು ಕಾಣಿಸಿತು. ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ಆಡಿಸಿ ನೋಡಿದರೆ ಗುಂಡುಗಳು ಹೊಳೆಯುತ್ತಿದ್ದವು. ಎಲ್ಲಿಯೂ ಗೀರಿಲ್ಲ, ಸಡಿಲಿಲ್ಲ. 9,400 ರೂಪಾಯಿಯ ಅಂದಾಜುಪಟ್ಟಿಯನ್ನು ಒಪ್ಪಿಕೊಂಡಿದ್ದರೆ ಇನ್ನೂ ಎಷ್ಟೋ ವರ್ಷ ದುಡಿಯಬಲ್ಲ ಈ ಉಕ್ಕು ಗುಜರಿ ಸೇರುತ್ತಿತ್ತು.

ನಿಜವಾದ ತೊಡಕು ಎದುರಾದದ್ದು ಇಲ್ಲಿ. ಹೊಸ ಬೂಟು ತೂರಿಸಬೇಕಾದರೆ ಶಾಫ್ಟಿನ ಒಂದು ತುದಿ ಬಿಡುವಾಗಬೇಕು. ಸ್ನೇಹಿತರು ಹೇಳಿದ ವಿಧಾನದಲ್ಲಿ ಚಕ್ರದ ಬದಿಯ ಕೀಲಿಗೆ ಸುತ್ತಿಗೆಯಿಂದ ನೇರವಾಗಿ ಒಂದೇಟು ಕೊಟ್ಟರೆ ಅದು ಕಳಚಿಕೊಳ್ಳುತ್ತದೆ. ನಾನು ಸುತ್ತಿಗೆ ಎತ್ತಿದೆ. ಉಸ್ತಾದರು ತಡೆದರು. ‘ಕೆಲವು ಗಾಡೀಲಿ ಏಟಿಗೆ ಬರ್ತದೆ ಸಾರ್, ಕೆಲವು ಗಾಡೀಲಿ ಬರೋದೇ ಇಲ್ಲ. ಬರದೇ ಇರೋದಕ್ಕೆ ಹೊಡೆದ್ರೆ ಜಾಯಿಂಟೇ ಹೋಗ್ತದೆ.’ ನಮ್ಮದು ಯಾವ ಜಾತಿಯದು? ಈ ಮಾದರಿಯನ್ನು ಅವರು ಬಿಚ್ಚಿರಲಿಲ್ಲ. ಕಾರಿನ ಜೊತೆ ಬಂದ ಕೈಪಿಡಿಯನ್ನು ತಂದು ಮಗುಚಿ ಹಾಕಿದೆ. ಅದರಲ್ಲಿ ಮ್ಯೂಸಿಕ್ ಸಿಸ್ಟಂ ಹೊಂದಿಸುವ ಬಗೆಗೆ ಹಲವು ಪುಟಗಳಿದ್ದವು. ಬೂಟಿನ ಬಗ್ಗೆ ಇದ್ದದ್ದು ಒಂದೇ ವಾಕ್ಯ: ಹರಿದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ.

ಉಸ್ತಾದರು ಫೋನು ತೆಗೆದು ಯಾರಿಗೋ ಮಾಡಿದರು. ಅವರ ಕೈಕೆಳಗೆ ಕೆಲಸ ಕಲಿತು ಈಗ ಕಂಪೆನಿಯ ಸರ್ವಿಸ್ ಸೆಂಟರೊಂದರಲ್ಲಿರುವ ಹುಡುಗ. ಅರ್ಧ ಗಂಟೆಯ ಬಳಿಕ ಅವನಿಂದ ವರ್ಕ್‌ಶಾಪ್ ಕೈಪಿಡಿಯ ಒಂದು ಪುಟದ ಛಾಯಾಚಿತ್ರ ಬಂತು. ಈ ಮಾದರಿಯಲ್ಲಿ ಚಕ್ರದ ಬದಿಯ ಕೀಲನ್ನು ಬಿಚ್ಚಲೇಕೂಡದು; ಗೇರುಪೆಟ್ಟಿಗೆಯ ಬದಿಯ ಮೂರು ತೋಳಿನ ಕೀಲನ್ನು ತೆಗೆದು, ಹೊರಬೂಟನ್ನು ಆ ಕಡೆಯಿಂದಲೇ ಸರಿಸಿಕೊಂಡು ಬರಬೇಕು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಒಂದು ಸುತ್ತಿಗೆ ಏಟಿನ ಅಂತರದಲ್ಲಿ ನನ್ನ ಒಳ್ಳೆಯ ಕೀಲು ಉಳಿದುಕೊಂಡಿತು.

ಉಳಿದದ್ದು ತಾಳ್ಮೆಯ ಕೆಲಸ. ಒಳಗಿನ ಬೂಟಿನ ಪಟ್ಟಿಗಳನ್ನೂ ಬಿಚ್ಚಬೇಕಾದ್ದರಿಂದ ಹೊಸ ಪಟ್ಟಿಗಳು ಬೇಕಾದವು. ಭಾನುವಾರ ಅಂಗಡಿ ಮುಚ್ಚಿತ್ತು. ಉಸ್ತಾದರ ತಗಡಿನ ಡಬ್ಬಿ ಕೈಹಿಡಿಯಿತು. ಮೂರು ತೋಳಿನ ಕೀಲು ಯಾವ ದಿಕ್ಕಿನಲ್ಲಿ ಕೂತಿತ್ತೆಂದು ಮೊದಲೇ ಗುರುತು ಹಾಕಿಕೊಂಡೆ. ಶಾಫ್ಟಿನ ಹಲ್ಲುಗಳು ಹೊಸ ರಬ್ಬರನ್ನು ಗೀರದಂತೆ ಟೇಪು ಸುತ್ತಿದೆ. ಕೀಲಿಗೆ ಬಳಸುವ ಗ್ರೀಸಿನಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಇರುತ್ತದೆ, ಅದರ ಕಪ್ಪು ಬಣ್ಣಕ್ಕೆ ಅದೇ ಕಾರಣ. ಡಬ್ಬಿಯಲ್ಲಿರುವ ಯಾವುದೋ ಹಳದಿ ಗ್ರೀಸನ್ನು ತುಂಬಿದರೆ ಮಾಡಿದ ಕೆಲಸವೆಲ್ಲ ಹಾಳು. ಬೂಟಿನ ಅಂಚು ಗಾಡಿಯಲ್ಲಿ ಸರಿಯಾಗಿ ಕೂರಬೇಕು, ಒಳಗೆ ಸಿಲುಕಿದ ಗಾಳಿಯನ್ನು ಹೊರಬಿಡಬೇಕು, ಆಮೇಲೆ ಪಟ್ಟಿ ಬಿಗಿಯಬೇಕು. ಚಕ್ರದ ನಡುವಿನ ನಟ್ಟು ಹೊಸದೇ ಆಗಬೇಕು, ಅದನ್ನು ಟಾರ್ಕ್ ಪಾನಾದಲ್ಲಿ ಅಳತೆಗೆ ತಕ್ಕಂತೆಯೇ ಬಿಗಿಯಬೇಕೆಂದು ಉಸ್ತಾದರು ಪಟ್ಟು ಹಿಡಿದರು. ಆ ಅಳತೆಯೂ ಹುಡುಗ ಕಳಿಸಿದ ಪುಟದಿಂದಲೇ ಸಿಕ್ಕಿತು. ಸರ್ವಿಸ್ ಸೆಂಟರಿನಲ್ಲಿ ಎರಡು ಗಂಟೆಯ ಕೆಲಸ ನನಗೆ ಆರು ಗಂಟೆ ಹಿಡಿಯಿತು.

ಪೂರ್ತಿ ಯಶಸ್ವಿಯಾದೆನೆಂದೂ ಹೇಳಲಾರೆ. ಒಂದು ವಾರದ ಬಳಿಕ ಬಗ್ಗಿ ನೋಡಿದರೆ ರಿಮ್ಮಿನ ಒಳಗೆ ಮತ್ತೆ ನಾಲ್ಕು ಕಪ್ಪು ಹನಿ. ಸಣ್ಣ ಪಟ್ಟಿಯನ್ನು ನಾನು ಸಾಕಷ್ಟು ಬಿಗಿದಿರಲಿಲ್ಲ. ಅದನ್ನು ಬದಲಿಸಲು ಅರ್ಧ ಗಂಟೆ ಹಿಡಿಯಿತು. ಎಲ್ಲ ಸೇರಿ ಖರ್ಚಾದದ್ದು ಸುಮಾರು 1,300 ರೂಪಾಯಿ. ‘ಬಾಯಿ ಕೆಲಸಕ್ಕೆ ದುಡ್ಡಾ?’ ಎನ್ನುತ್ತಲೇ ಉಸ್ತಾದರು ಸ್ವೀಕರಿಸಿದ 500 ರೂಪಾಯಿ ಅದರಲ್ಲಿ ಸೇರಿದೆ.

ಎಲ್ಲರೂ ಹೀಗೆ ಕಾರಿನ ಕೆಳಗೆ ನುಗ್ಗಬೇಕೆಂಬುದು ನನ್ನ ವಾದವಲ್ಲ. ಬೆನ್ನು ಬಗ್ಗದವರು, ಸ್ಟ್ಯಾಂಡು ಇಲ್ಲದವರು, ಪಕ್ಕದಲ್ಲಿ ತಿಳಿದವರಿಲ್ಲದವರು ದಯವಿಟ್ಟು ಮಾಡಬೇಡಿ. ಸರ್ವಿಸ್ ಸೆಂಟರಿನವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಬೂಟು ಮಾತ್ರ ಬದಲಿಸಿಕೊಟ್ಟು, ತಿಂಗಳಲ್ಲಿ ಕೀಲು ಸದ್ದು ಮಾಡತೊಡಗಿದರೆ ಗ್ರಾಹಕ ಬಂದು ಜಗಳವಾಡುವುದು ಅವರೊಡನೆಯೇ. ಬಿಚ್ಚಿ, ತೊಳೆದು, ಪರೀಕ್ಷಿಸಿ, ಗ್ರೀಸು ತುಂಬುವ ಹೊತ್ತಿನಲ್ಲಿ ಇಡೀ ಶಾಫ್ಟನ್ನೇ ಬದಲಿಸಿ ಗಾಡಿ ಹೊರಗೆ ಕಳಿಸಬಹುದು. ಇವು ನ್ಯಾಯವಾದ ಕಾರಣಗಳೇ. ಆದರೆ ಆ ಕಾರಣಗಳನ್ನು ನನ್ನ ಮುಂದಿಟ್ಟು, ‘ಬೂಟಿಗೆ ಇಷ್ಟು, ಶಾಫ್ಟಿಗೆ ಇಷ್ಟು, ಈ ಅಪಾಯ ನಿಮ್ಮದು, ಯಾವುದು ಬೇಕು?’ ಎಂದು ಕೇಳಬೇಕಿತ್ತು. ಬೂಟು ಎಂಬ ವಸ್ತುವೇ ಜಗತ್ತಿನಲ್ಲಿ ಇಲ್ಲವೆಂಬಂತೆ ಸಿಸ್ಟಂನ ಕಡೆ ಕೈ ತೋರಿಸುವುದು ಬೇರೆ ಮಾತು. ಫೋನು ಮಾಡಿದ ಯುವಕ ಸುಳ್ಳು ಹೇಳುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ಅವನ ಕಂಪ್ಯೂಟರಿನಲ್ಲಿ ಬೂಟು ನಿಜವಾಗಿಯೂ ಇರಲಿಲ್ಲ. ಆ ಪಟ್ಟಿಯಿಂದ ಅದನ್ನು ತೆಗೆದವರು ಯಾರು ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆ ಹೊಸದೂ ಅಲ್ಲ. 2011ರಲ್ಲಿ ವ್ಯಕ್ತಿಯೊಬ್ಬರು ನೀಡಿದ ದೂರಿನಿಂದ ಆರಂಭವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕ ಕಂಪೆನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನು, ದೋಷ ಪತ್ತೆಯ ಉಪಕರಣಗಳನ್ನು, ದುರಸ್ತಿ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ದೊರಕದಂತೆ ಮಾಡಿ ಮಾರುಕಟ್ಟೆಯನ್ನು ಮುಚ್ಚಿದ್ದಾರೆ ಎಂಬುದು ಆಯೋಗದ ತೀರ್ಮಾನ. ಅವುಗಳನ್ನು ಮುಕ್ತವಾಗಿ ಒದಗಿಸಬೇಕು, ಹೊರಗೆ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದುಪಡಿಸಬಾರದು ಎಂದೂ ಅದು ನಿರ್ದೇಶಿಸಿತು. ಕಂಪೆನಿಗಳು ಮೇಲ್ಮನವಿಗೂ ನ್ಯಾಯಾಲಯಗಳಿಗೂ ಹೋದವು. ಉಸ್ತಾದರ ಗ್ಯಾರೇಜಿನ ಗೋಡೆಗೆ ಮಾತ್ರ ಆ ಕೈಪಿಡಿ ಇನ್ನೂ ತಲುಪಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕಾಗಿ ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ವಿದ್ಯುನ್ಮಾನ ವಸ್ತು, ಗೃಹೋಪಯೋಗಿ ಸಾಧನ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆಯ್ದುಕೊಳ್ಳಲಾಯಿತು. ಉದ್ದೇಶ ಉತ್ತಮವೇ. ಆದರೆ ಜಾಲತಾಣಕ್ಕೆ ಮಾಹಿತಿ ಕೊಡುವುದು ಕಂಪೆನಿಯ ಇಚ್ಛೆಗೆ ಬಿಟ್ಟದ್ದಾದರೆ ಅದು ಹಕ್ಕು ಎನ್ನಿಸಿಕೊಳ್ಳುವುದು ಕಷ್ಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ಮತ ಹಾಕಿ, ಕಾರು ಕಂಪೆನಿಗಳು ತಮ್ಮ ಡೀಲರುಗಳಿಗೆ ಕೊಡುವ ದುರಸ್ತಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಮಾರಬೇಕೆಂಬ ಕಾನೂನನ್ನು ಒಪ್ಪಿದರು. ಕೊಲರಾಡೊ ರಾಜ್ಯ 2023ರಲ್ಲಿ ಟ್ರ್ಯಾಕ್ಟರು ಮುಂತಾದ ಕೃಷಿ ಯಂತ್ರಗಳಿಗೆ ಇಂಥದೇ ಕಾನೂನು ತಂದಿತು. ಆ ನಾಡಿನಲ್ಲಿಯೂ ಕಂಪೆನಿಗಳು ಇದನ್ನು ಸಂತೋಷದಿಂದ ಒಪ್ಪಿಕೊಂಡವೆಂದು ಯಾರೂ ಭಾವಿಸಬೇಕಿಲ್ಲ.

ನಾನು ಬಯಸುವುದು ಇದಕ್ಕಿಂತ ಸರಳವಾದುದು. ಪ್ರತ್ಯೇಕವಾಗಿ ಸವೆಯುವ ಭಾಗವನ್ನು ಪ್ರತ್ಯೇಕವಾಗಿಯೇ ಮಾರಬೇಕು. ಅದರ ಸಂಖ್ಯೆ ಮತ್ತು ಬೆಲೆ ಸಾರ್ವಜನಿಕವಾಗಿರಬೇಕು. ಅಂದಾಜುಪಟ್ಟಿಯಲ್ಲಿ ದುರಸ್ತಿಗೆ ಒಂದು ಅಂಕಣ, ಬದಲಾವಣೆಗೆ ಒಂದು ಅಂಕಣ ಇರಬೇಕು. ಕಾರು ಮಾರಿದವರು ಅದನ್ನು ಬಿಚ್ಚುವ ಕೈಪಿಡಿಯನ್ನೂ ನ್ಯಾಯವಾದ ಬೆಲೆಗೆ ಮಾರಬೇಕು, ಸಾಧ್ಯವಾದರೆ ಕನ್ನಡದಲ್ಲಿ. ನಾನು ಹೇಗೋ ಅರ್ಥ ಮಾಡಿಕೊಂಡೇನು. ಗ್ಯಾರೇಜಿನ ಹುಡುಗರಿಗೆ ಇಂಗ್ಲಿಷಿನ ಆ ಪುಟ ಚಿತ್ರವಷ್ಟೇ.

ಹಳೆಯ ಕಾರುಗಳನ್ನು ಇಟ್ಟುಕೊಳ್ಳುವುದನ್ನೇ ಸರ್ಕಾರ ದುಬಾರಿ ಮಾಡುತ್ತಿರುವ ದಿನಗಳಿವು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600ರಿಂದ 5,000 ರೂಪಾಯಿಗೆ ಏರಿತು. ಹೊಗೆಯುಗುಳುವ ಗಾಡಿಗಳ ಬಗ್ಗೆ ನನಗೆ ಮರುಕವಿಲ್ಲ. ಆದರೆ ಸುಸ್ಥಿತಿಯ ಕಾರೊಂದು ಅಕಾಲದಲ್ಲಿ ಗುಜರಿಗೆ ಹೋಗುವುದು ಬಹಳ ಸಲ ಇಂಥ ಅಂದಾಜುಪಟ್ಟಿಗಳಿಂದಲೇ. ಒಂದು ಸಲ 9,400, ಇನ್ನೊಂದು ಸಲ 12,000. ಮೂರನೆಯ ಸಲ ಮನೆಯಲ್ಲಿ ‘ಇದನ್ನು ಮಾರಿಬಿಡಿ’ ಎಂಬ ಮಾತು ಬರುತ್ತದೆ. ಹೊಸ ಕಾರಿನ ಸಾಲ ಆ ಮಾತಿನ ಹಿಂದೆಯೇ ಬರುತ್ತದೆ.

ಉಸ್ತಾದರ ಗ್ಯಾರೇಜಿನಲ್ಲಿ ಹಿಂದೆ ನಾಲ್ಕು ಹುಡುಗರಿದ್ದರು. ಈಗ ಒಬ್ಬನಿದ್ದಾನೆ. ಹೊಸ ಮಾದರಿಗಳು ಬಂದಾಗ, ‘ಇದರ ಒಳಗೆ ಏನಿದೆ ಅಂತ ನಮಗೆ ಗೊತ್ತಿಲ್ಲ, ಶೋರೂಂಗೇ ಹೋಗಿ’ ಎಂದು ಅವರೇ ಹಿಂದಕ್ಕೆ ಕಳಿಸುತ್ತಾರೆ. ನಲವತ್ತು ವರ್ಷ ಕೈಯಾಡಿಸಿದ ಮನುಷ್ಯ ಈ ಮಾತನ್ನು ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾರೆ.

ಕಳೆದ ತಿಂಗಳು ಬಲಗಡೆಯ ಬೂಟಿನ ಮಡಿಕೆಗಳಲ್ಲಿಯೂ ಸಣ್ಣ ಬಿರುಕುಗಳು ಕಂಡವು. ಇನ್ನೂ ಹರಿದಿಲ್ಲ. ಈ ಬಾರಿ ಕ್ರಮಬದ್ಧವಾಗಿಯೇ ಹೋಗೋಣವೆಂದು, ಬೂಟಿನ ಭಾಗಸಂಖ್ಯೆ ಮತ್ತು ದುರಸ್ತಿ ಕೈಪಿಡಿಯ ಬೆಲೆ ತಿಳಿಸುವಂತೆ ಕಂಪೆನಿಗೆ ಪತ್ರ ಬರೆದೆ. ಹನ್ನೆರಡು ದಿನಗಳ ಬಳಿಕ ಉತ್ತರ ಬಂತು. ಸಮೀಪದ ಅಧಿಕೃತ ಸರ್ವಿಸ್ ಸೆಂಟರಿನ ವಿಳಾಸವನ್ನು ಕೊಟ್ಟಿದ್ದರು. ಮೊದಲ ಸರ್ವಿಸಿಗೆ ಶೇಕಡಾ 10 ರಿಯಾಯಿತಿ ಇದೆಯಂತೆ.